ಅಧ್ಯಕ್ಷರು ಅವರಾದರೆ ಸಂಘ ಯಾರದ್ದು?

ಪ್ರಶ್ನೆ: ನಾವು ಬಂಗಾರಪೇಟೆ ಕಡೆಯವರು. ಮನೆಗಳಲ್ಲಿ ವಯಸ್ಸಾದವರನ್ನು, ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವ ಕೆಲಸ ಮಾಡುತ್ತೇವೆ. ಸುಮಾರು 25 ಹೆಂಗಸರಿದ್ದೇವೆ. ಕೆಲವರು ಏಜೆನ್ಸಿ ಕಡೆಯಿಂದ, ಕೆಲವರು ನೇರವಾಗಿ ಹೋಗುತ್ತೇವೆ. ನಮ್ಮೂರಿನವರೊಬ್ಬರು ಯೂನಿಯನ್ ಮಾಡಿಕೊಡ್ತೀನಿ, ತಲೆಗೆ 200 ರೂಪಾಯಿ ಕೊಡಿ, ನಾನೇ ಅಧ್ಯಕ್ಷ ಆಗ್ತೀನಿ ಅನ್ನುತ್ತಿದ್ದಾರೆ. ಒಳ್ಳೆಯವರೇ. ಆದರೆ ಆಮೇಲೆ ಸಂಘ ನಮ್ಮ ಮಾತು ಕೇಳುತ್ತಾ, ಅವರ ಮಾತು ಕೇಳುತ್ತಾ? ಇನ್ನೊಂದು, ನಮ್ಮಲ್ಲಿ ಲೆಕ್ಕ ಚೆನ್ನಾಗಿ ಗೊತ್ತಿರುವ ಅಕ್ಕನಿಗೆ ಓದು ಬರಲ್ಲ. ಅವರು ಖಜಾಂಚಿ ಆಗಬಹುದಾ?

ಉತ್ತರ: ಒಳ್ಳೆಯವರೇ ಅಂತ ನೀವೇ ಬರೆದಿದ್ದೀರಿ. ಹಾಗಾದರೆ ಇನ್ನೂ ಹುಷಾರಾಗಿರಬೇಕು. ಕೆಟ್ಟವರಾದರೆ ಬೇಗ ಗೊತ್ತಾಗುತ್ತದೆ, ಜಗಳ ಆಡಿ ಇಳಿಸುತ್ತೀರಿ. ಒಳ್ಳೆಯವರ ಮುಂದೆ ಲೆಕ್ಕ ಕೇಳಲು ನಾಚಿಕೆ ಆಗುತ್ತದೆ. ಸಂಘ ಕೈತಪ್ಪುವುದು ಹೆಚ್ಚಾಗಿ ಹೀಗೇ.

ಕೋಲಾರ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಾಲಿನ ಡೇರಿ ಸಂಘ ನೋಡಿದವರೇ ಎಲ್ಲರೂ. ನಮ್ಮ ಕಡೆ ಒಂದು ಊರಲ್ಲಿ ವಾರ್ಷಿಕ ಸಭೆ ಅಂದರೆ ನಡಾವಳಿ ಪುಸ್ತಕ ಮನೆಮನೆಗೆ ಬರುತ್ತಿತ್ತು. ಕಾಫಿ ಲೋಟ ಪಕ್ಕಕ್ಕಿಟ್ಟು ಸಹಿ ಹಾಕಿದರೆ ಸಭೆ ಮುಗಿಯಿತು. ಪುಸ್ತಕದ ಪ್ರಕಾರ ಎಲ್ಲವೂ 'ಸರ್ವಾನುಮತದಿಂದ'. ಮೋಸ ಅಂತಲೂ ಯಾರಿಗೂ ಅನ್ನಿಸುತ್ತಿರಲಿಲ್ಲ.

ಮೊದಲು ಕಾನೂನು ಏನು ಕೊಡುತ್ತದೆ ಅಂತ ನೋಡೋಣ. 1926ರ ಟ್ರೇಡ್ ಯೂನಿಯನ್ ಕಾಯ್ದೆಯ ಜಾಗಕ್ಕೆ 2025ರ ನವೆಂಬರ್ 21ರಿಂದ ಕೈಗಾರಿಕಾ ಸಂಬಂಧಗಳ ಸಂಹಿತೆ ಬಂದಿದೆ. ಅರ್ಜಿಗೆ ಸಹಿ ಹಾಕಲು 7 ಜನ ಸಾಕು. ಆದರೆ ಅರ್ಜಿ ಹಾಕುವ ದಿನ ಆ ಕೆಲಸದಲ್ಲಿರುವವರ ಪೈಕಿ ಶೇಕಡ 10 ಅಥವಾ 100 ಜನ, ಇದರಲ್ಲಿ ಯಾವುದು ಕಡಿಮೆಯೋ ಅಷ್ಟು ಸದಸ್ಯರು ಇರಬೇಕು. ಮನೆ ಆರೈಕೆ ಮಾಡುವವರನ್ನೆಲ್ಲ ಎಣಿಸಿ ಶೇಕಡ 10 ತೆಗೆಯುವವರು ಯಾರು? 100 ಅಂತಲೇ ಇಟ್ಟುಕೊಳ್ಳಿ. ಅಂದರೆ ನಿಮ್ಮ 25 ಜನ ಸಾಲುವುದಿಲ್ಲ. ನಿಮ್ಮೂರಿನವರು ಇದನ್ನು ಹೇಳಿದ್ದಾರಾ? ಹೇಳಿಲ್ಲದಿದ್ದರೆ ಮೊದಲು ಅದನ್ನೇ ಕೇಳಿ.

ಇನ್ನೊಂದು ತೊಡಕೂ ಇದೆ. ಈ ಸಂಹಿತೆ 'ಕೈಗಾರಿಕೆ' ಪದದ ಅರ್ಥದಿಂದ ಮನೆಗೆಲಸವನ್ನು ಹೊರಗಿಟ್ಟಿದೆ. ಆದರೆ ಯೂನಿಯನ್ ಬಗ್ಗೆ ಹೇಳುವ ಅಧ್ಯಾಯದಲ್ಲಿ 'ಕೆಲಸಗಾರ' ಅಂದರೆ 2008ರ ಅಸಂಘಟಿತ ಕಾರ್ಮಿಕರ ಸಾಮಾಜಿಕ ಭದ್ರತಾ ಕಾಯ್ದೆ ಹೇಳುವ ಅಸಂಘಟಿತ ಕೆಲಸಗಾರರೂ ಸೇರುತ್ತಾರೆ ಅಂತಿದೆ. ನೀವು ಆ ಸಾಲನ್ನು ಬಿಗಿಯಾಗಿ ಹಿಡಿದುಕೊಳ್ಳಿ. ಅಹಮದಾಬಾದಿನಲ್ಲಿ ಇಳಾ ಭಟ್ ಮತ್ತು ಜೊತೆಗಾರರು ಸ್ವಂತ ದುಡಿಮೆಯ ಹೆಂಗಸರ 'ಸೇವಾ' ಸಂಘ ಕಟ್ಟಿದಾಗಲೂ ಇದೇ ರಗಳೆ. ನಿಮಗೆ ಮಾಲೀಕರೇ ಇಲ್ಲವಲ್ಲ, ಯಾರ ವಿರುದ್ಧ ಯೂನಿಯನ್ ಅಂತ ಕಾರ್ಮಿಕ ಇಲಾಖೆ ಕೇಳಿತ್ತು. ಯೂನಿಯನ್ ಇರುವುದು ಯಾರದೋ ವಿರುದ್ಧ ಅಲ್ಲ, ಕೆಲಸಗಾರರು ಒಂದಾಗಲಿಕ್ಕೆ ಅಂತ ವಾದಿಸಿ 1972ರಲ್ಲಿ ನೋಂದಣಿ ಪಡೆದರು. ಅಲ್ಲಿ 3 ವರ್ಷಕ್ಕೊಮ್ಮೆ ಒಂದೊಂದು ಕಸುಬಿನ ಹೆಂಗಸರು ತಮ್ಮ ಪ್ರತಿನಿಧಿಗಳನ್ನು ಆರಿಸುತ್ತಾರೆ, ಆ ಪ್ರತಿನಿಧಿಗಳು ಕಾರ್ಯಕಾರಿ ಸಮಿತಿಯನ್ನು ಆರಿಸುತ್ತಾರೆ.

ಈಗ ಅಧ್ಯಕ್ಷರ ವಿಷಯ. ಅಸಂಘಟಿತ ವಲಯದ ಸಂಘದಲ್ಲಿ ಪದಾಧಿಕಾರಿಗಳ ಪೈಕಿ ಕನಿಷ್ಠ ಅರ್ಧದಷ್ಟು ಜನ ಆ ಕೆಲಸ ಮಾಡುವವರೇ ಆಗಿರಬೇಕು. ಅಂದರೆ ಉಳಿದರ್ಧ ಹೊರಗಿನವರಿರಬಹುದು. ಅಧ್ಯಕ್ಷರೂ ಆಗಬಹುದು. ಇದು ಸುಮ್ನೆ ಬಂದ ಏರ್ಪಾಡಲ್ಲ. ನಿಮ್ಮಲ್ಲಿ ಯಾರಾದರೂ ದನಿ ಎತ್ತಿದರೆ ನಾಳೆ ಬೆಳಿಗ್ಗೆ 'ಬೇರೆಯವರು ಸಿಕ್ಕಿದ್ದಾರೆ' ಅಂತ ಫೋನ್ ಬರುತ್ತದೆ. ಹೊರಗಿನವರನ್ನು ಹಾಗೆ ತೆಗೆಯಲಾಗದು. ಅವರು ಇಲಾಖೆಗೆ ಹೋಗಿ ನಿಲ್ಲಬಲ್ಲರು, ಅರ್ಜಿ ಬರೆಯಬಲ್ಲರು. ಅದಕ್ಕೇ ನನ್ನ ಸಲಹೆ: ಅವರನ್ನು ಕಳೆದುಕೊಳ್ಳಬೇಡಿ, ಸಲಹೆಗಾರರಾಗಿ ಇಟ್ಟುಕೊಳ್ಳಿ. ಮತ ಬೇಡ, ಚೆಕ್ಕಿನ ಸಹಿಯಂತೂ ಬೇಡವೇ ಬೇಡ. ಅವರು ನಿಜವಾಗಿ ಒಳ್ಳೆಯವರಾದರೆ ಇದಕ್ಕೆ ಒಪ್ಪುತ್ತಾರೆ.

ಸಂಘ ಯಾರದ್ದು ಅನ್ನುವುದು ತೀರ್ಮಾನ ಆಗುವುದು ಬೈಲಾ, ಅಂದರೆ ಸಂಘದ ನಿಯಮಾವಳಿ, ಬರೆಯುವ ದಿನ. ಬಹಳ ಕಡೆ ಬೇರೆ ಸಂಘದ ಬೈಲಾ ತಂದು, ಹೆಸರು ತಿದ್ದಿ, ಜೆರಾಕ್ಸ್ ಮಾಡಿಸಿ ಕೊಟ್ಟುಬಿಡುತ್ತಾರೆ. ನೀವು ಅದನ್ನು ಒಂದು ಭಾನುವಾರ ಪೂರ್ತಿ ಕೂತು ಜೋರಾಗಿ ಓದಿಸಿಕೊಳ್ಳಿ. ಪದಾಧಿಕಾರಿಗಳನ್ನು ಆರಿಸುವುದು ಹೇಗೆ ಅಂತ ಎಲ್ಲರೂ ನೋಡುತ್ತಾರೆ. ಇಳಿಸುವುದು ಹೇಗೆ ಅನ್ನುವ ಸಾಲನ್ನು ಯಾರೂ ನೋಡುವುದಿಲ್ಲ. ಎಷ್ಟು ಸದಸ್ಯರು ಬರೆದುಕೊಟ್ಟರೆ ವಿಶೇಷ ಸಭೆ ಕರೆಯಲೇಬೇಕು? ಅಧ್ಯಕ್ಷರೇ ಕರೆಯದಿದ್ದರೆ ಯಾರು ಕರೆಯಬಹುದು? ಇದು ಬೈಲಾದಲ್ಲಿ ಇಲ್ಲ ಅಂದರೆ ನಿಮ್ಮ ಮತಕ್ಕೆ ಬೆಲೆ ಇರುವುದು ಚುನಾವಣೆಯ ಒಂದು ದಿನ ಮಾತ್ರ. ಚುನಾವಣೆ 2 ವರ್ಷಕ್ಕೊಮ್ಮೆ ಇರಲಿ.

ಕೋರಂ, ಅಂದರೆ ಸಭೆ ನಡೆಯಲು ಕನಿಷ್ಠ ಎಷ್ಟು ಜನ ಇರಬೇಕು ಅನ್ನುವುದರ ಬಗ್ಗೆಯೂ ಯೋಚಿಸಿ. ಅದನ್ನು ತುಂಬಾ ಇಳಿಸಿದರೆ ನಾಲ್ಕು ಜನ ಸೇರಿ ಎಲ್ಲ ಮುಗಿಸುತ್ತಾರೆ. ತುಂಬಾ ಏರಿಸಿದರೆ ಸಭೆಯೇ ಆಗುವುದಿಲ್ಲ, ಪುಸ್ತಕ ಮನೆಮನೆಗೆ ಬರಲು ಶುರು ಆಗುತ್ತದೆ.

ನಿಮ್ಮ ಕೆಲಸದ ನಿಜವಾದ ಕಷ್ಟ ಇದಕ್ಕಿಂತ ದೊಡ್ಡದು. ಕೆಜಿಎಫ್ ಗಣಿಯ ಕಾರ್ಮಿಕರು 1930ರಲ್ಲಿ ಬೆರಳಚ್ಚು ಕೊಡಲ್ಲ ಅಂತ ಮುಷ್ಕರ ಹೂಡಿದ್ದರು. ಅವರೆಲ್ಲ ಒಂದೇ ಗಣಿಗೆ ಇಳಿಯುತ್ತಿದ್ದರು, ಒಂದೇ ಪಾಳಿ ಮುಗಿಸಿ ಹೊರಗೆ ಬರುತ್ತಿದ್ದರು, ಒಂದೇ ಲೈನು ಮನೆಗಳಲ್ಲಿ ಮಲಗುತ್ತಿದ್ದರು. ನಿಮಗೆ ಹಾಗೆ ಎಲ್ಲರೂ ಒಟ್ಟಿಗೆ ಸಿಗುವ ಗೇಟೇ ಇಲ್ಲ. ಒಬ್ಬೊಬ್ಬರದು ಒಂದೊಂದು ಮನೆ, ಒಂದೊಂದು ಅಜ್ಜಿ. 24 ಗಂಟೆ ಡ್ಯೂಟಿಯವರಿಗಂತೂ ಹೊಸಿಲು ದಾಟುವುದೇ ಕಷ್ಟ. ನಮ್ಮ ಅಮ್ಮನನ್ನು ನೋಡಿಕೊಳ್ಳುತ್ತಿದ್ದ ಅಕ್ಕ ಅರ್ಧ ದಿನ ರಜೆ ಕೇಳಿದಾಗ ನಾನೂ ಮುಖ ಗಂಟು ಹಾಕಿಕೊಂಡವನೇ. ಆ ಅರ್ಧ ದಿನ ಸಿಗದಿದ್ದರೆ ಅವರು ಸಭೆಗೆ ಬರುವುದು ಹೇಗೆ?

ಹಾಗಾಗಿ ಸಮಿತಿಯನ್ನು ಊರಿನ ಪ್ರಕಾರ ಅಲ್ಲ, ಹೊತ್ತಿನ ಪ್ರಕಾರ ಕಟ್ಟಿ. ಮಾರಿಕುಪ್ಪಂ ರೈಲು ಹಿಡಿದು ಬೆಂಗಳೂರಿಗೆ ಹೋಗುವವರದು ಒಂದು ಗುಂಪು. ಟೇಕಲ್, ಮಾಲೂರು ದಾಟುವಷ್ಟರಲ್ಲಿ ಒಂದು ಸಣ್ಣ ಸಭೆ ಮುಗಿಯುತ್ತದೆ, ನಿಮಗೆ ಇರುವ ಗೇಟು ಅದೇ. ಊರಲ್ಲೇ ಹಗಲು ಕೆಲಸ ಮಾಡುವವರದು ಇನ್ನೊಂದು. ಮನೆಯಲ್ಲೇ ಉಳಿದು ಕೆಲಸ ಮಾಡುವವರದು ಮೂರನೆಯದು. ಅವರಿಗೆ ಸಮಿತಿಯಲ್ಲಿ ಜಾಗ ಮೀಸಲಿಡಿ. ಇಲ್ಲದಿದ್ದರೆ ಅತಿ ಜಾಸ್ತಿ ಕಷ್ಟದಲ್ಲಿರುವವರ ದನಿಯೇ ಇರುವುದಿಲ್ಲ. ಚುನಾವಣೆಯನ್ನು ಒಂದೇ ದಿನಕ್ಕೆ ಇಡಬೇಡಿ. ಹಬ್ಬಕ್ಕೆ ಎಲ್ಲರೂ ಊರಿಗೆ ಬರುವ ವಾರ ಇಡಿ, ಪೆಟ್ಟಿಗೆ ಏಳು ದಿನ ಬೀಗ ಹಾಕಿ ಇರಲಿ, ಪೆಟ್ಟಿಗೆ ಒಬ್ಬರ ಹತ್ತಿರ, ಬೀಗದ ಕೈ ಇನ್ನೊಬ್ಬರ ಹತ್ತಿರ. ಫೋನಿನಲ್ಲಿ ಮತ ಬೇಡ, ಪಕ್ಕದಲ್ಲಿ ಮನೆ ಯಜಮಾನರು ಇರುತ್ತಾರೆ. ವಾಟ್ಸಾಪ್ ಗುಂಪು ಇರಲಿ, ಬರೆಯುವ ಬದಲು ದನಿಯಲ್ಲೇ ಹೇಳಿ. ಏಜೆನ್ಸಿಯ ಸೂಪರ್‌ವೈಸರ್ ಆ ಗುಂಪಿನಲ್ಲಿ ಇಲ್ಲ ತಾನೇ? ಒಮ್ಮೆ ನೋಡಿಕೊಳ್ಳಿ.

ಪ್ರತಿನಿಧಿ ಸಭೆಗೆ ಬಂದರೆ ಅವರ ಒಂದು ದಿನದ ಕೂಲಿ ಹೋಗುತ್ತದೆ. ಅದನ್ನು ಸಂಘ ತುಂಬಿಕೊಡಬೇಕು. ಕೊಡದಿದ್ದರೆ ಕೂಲಿ ಬಿಟ್ಟುಕೊಡಲು ಆಗುವವರೇ, ಇಲ್ಲವೇ ಕೂಲಿಗೇ ಹೋಗದವರೇ ಸಮಿತಿಯಲ್ಲಿ ಉಳಿಯುತ್ತಾರೆ. ವಂತಿಗೆ ಎಷ್ಟು ಅಂತ ಲೆಕ್ಕ ಹಾಕುವಾಗ ಇದನ್ನೂ ಸೇರಿಸಿ. ಹಳೆಯ ಕಾಯ್ದೆಯಲ್ಲಿ ಅಸಂಘಟಿತ ವಲಯದವರ ಕನಿಷ್ಠ ವಂತಿಗೆ ವರ್ಷಕ್ಕೆ 3 ರೂಪಾಯಿ ಇತ್ತು. ಅಷ್ಟರಲ್ಲಿ ಒಂದು ಟೀ ಕೂಡ ಬರುವುದಿಲ್ಲ. ಸಂಘ ನಿಮ್ಮ ದುಡ್ಡಲ್ಲಿ ನಡೆಯದಿದ್ದರೆ ಇನ್ಯಾರದೋ ದುಡ್ಡಲ್ಲಿ ನಡೆಯುತ್ತದೆ, ಅಲ್ವಾ?

ಮುಂದೆ ದೊಡ್ಡ ಸಂಘದ ಜೊತೆ ಸೇರಿ ಅಂತಲೂ ಕರೆ ಬರುತ್ತದೆ. ಬಲ ಬರುವುದು ನಿಜ. 1999ರಲ್ಲಿ ಅಮೆರಿಕದ ಲಾಸ್ ಏಂಜಲೀಸಿನಲ್ಲಿ ನಿಮ್ಮದೇ ಕೆಲಸ ಮಾಡುವ 74,000 ಜನ ಮತ ಹಾಕಿ ಎಸ್‌ಇಐಯು ಅನ್ನುವ ದೊಡ್ಡ ಯೂನಿಯನ್ ಸೇರಿದ್ದರು. ಆದರೆ 2009ರಲ್ಲಿ ಅದೇ ಯೂನಿಯನ್ ಕ್ಯಾಲಿಫೋರ್ನಿಯಾದ ಇನ್ನೊಂದು ಘಟಕದ 65,000 ಆರೈಕೆ ಕೆಲಸಗಾರರನ್ನು ಬೇರೆ ಘಟಕಕ್ಕೆ ಸೇರಿಸಲು ಹೊರಟಿತು. ಘಟಕದ ನಾಯಕರು ಒಪ್ಪಲಿಲ್ಲ. ಮೇಲಿನವರು ಆ ಘಟಕದ ಆಡಳಿತವನ್ನೇ ತಮ್ಮ ಕೈಗೆ ತೆಗೆದುಕೊಂಡರು. ಹೊರಬಂದವರು ಬೇರೆ ಸಂಘ ಕಟ್ಟಿಕೊಂಡರು. ಯಾರದು ಸರಿ ಅನ್ನುವುದು ಬೇರೆ ಚರ್ಚೆ. ನಿಮಗೆ ಬೇಕಾದ್ದು ಇಷ್ಟು: ಸೇರುವ ಮೊದಲೇ, ಬಿಡಬೇಕಾದರೆ ಹೇಗೆ ಬಿಡುವುದು, ಖಾತೆಯ ದುಡ್ಡು ಯಾರದು ಅಂತ ಬರೆಸಿಕೊಳ್ಳಿ.

ಲೆಕ್ಕದ ಪುಸ್ತಕ ಮತ್ತು ಸದಸ್ಯರ ಪಟ್ಟಿಯನ್ನು ನೋಡುವುದು ಸದಸ್ಯರ ಹಕ್ಕು. ಯಾರ ಉಪಕಾರವೂ ಅಲ್ಲ. ವರ್ಷಕ್ಕೊಮ್ಮೆ ಆಡಿಟ್ ಆಗಲೇಬೇಕು. ಆ 200 ರೂಪಾಯಿಯನ್ನು ರಸೀದಿ ಇಲ್ಲದೆ, ಬೈಲಾ ಓದದೆ ಕೊಡಬೇಡಿ.

ಇನ್ನು ಓದು ಬರದ ಅಕ್ಕನ ವಿಷಯ. ಪದಾಧಿಕಾರಿಗೆ 18 ವರ್ಷ ಆಗಿರಬೇಕು, ನೀತಿಗೆಟ್ಟ ಅಪರಾಧಕ್ಕೆ ಜೈಲು ಶಿಕ್ಷೆ ಆಗಿದ್ದರೆ ಬಿಡುಗಡೆಯಾಗಿ 5 ವರ್ಷ ಕಳೆದಿರಬೇಕು. ಓದು ಬರಬೇಕು ಅಂತ ಕಾನೂನು ಕೇಳುವುದಿಲ್ಲ. ಇಪ್ಪತ್ತು ಜನರ ಚೀಟಿ ಲೆಕ್ಕವನ್ನು ತಲೆಯಲ್ಲೇ ಇಟ್ಟುಕೊಳ್ಳುವ ಒಬ್ಬರಾದರೂ ಪ್ರತಿ ಬೀದಿಯಲ್ಲಿ ಇರುತ್ತಾರೆ. ಅವರನ್ನೇ ಖಜಾಂಚಿ ಮಾಡಿ. ಬರೆಯಲು ಪಕ್ಕದಲ್ಲಿ ಒಬ್ಬ ಹುಡುಗಿಯನ್ನು ಕೂರಿಸಿ, ತಿಂಗಳಿಗೊಮ್ಮೆ ಪುಸ್ತಕದ ಲೆಕ್ಕವನ್ನು ಅಕ್ಕನ ಬಾಯಿಲೆಕ್ಕದ ಜೊತೆ ತಾಳೆ ನೋಡಿ. ಎರಡೂ ಹೊಂದದಿದ್ದರೆ ಮೊದಲು ಪುಸ್ತಕವನ್ನೇ ಅನುಮಾನಿಸಿ.