ಕೆಲಸ ಖಾಲಿ ಇದೆ, ಅನುಭವ ಎಲ್ಲಿಂದ ತರೋದು?

ನಮ್ಮ ಬೀದಿಯ ಹುಡುಗನೊಬ್ಬ ಎಂಟು ತಿಂಗಳಿಂದ ತುಮಕೂರಿನಲ್ಲಿ ರೈಲು ಹತ್ತಿ ಬೆಂಗಳೂರಿಗೆ ಇಂಟರ್‌ವ್ಯೂಗೆ ಹೋಗಿ ಬರುತ್ತಿದ್ದಾನೆ. ಇಂಜಿನಿಯರಿಂಗ್ ಮುಗಿದಿದೆ, ಸೈಬರ್ ಸೆಕ್ಯೂರಿಟಿ ಕೋರ್ಸೂ ಆಗಿದೆ. ಹೋದ ಕಡೆಯೆಲ್ಲ ಒಂದೇ ಪ್ರಶ್ನೆ: "ಎಷ್ಟು ವರ್ಷದ ಅನುಭವ?" ಈಗ ತಾನೇ ಓದು ಮುಗಿಸಿದವನು ಏನು ಹೇಳಬೇಕು?

ಅದೇ ಹೊತ್ತಿಗೆ ಇನ್ನೊಂದು ಲೆಕ್ಕವೂ ಇದೆ. ಸೈಬರ್ ಭದ್ರತೆಯ ಸರ್ಟಿಫಿಕೇಟ್ ಕೊಡುವ ಐಎಸ್‌ಸಿ2 ಸಂಸ್ಥೆ, ಪ್ರಪಂಚದಲ್ಲಿ ಈ ಕೆಲಸಕ್ಕೆ ಸುಮಾರು 40 ಲಕ್ಷ ಜನರ ಕೊರತೆ ಇದೆ ಎಂದು 2023ರಲ್ಲಿ ಅಂದಾಜು ಮಾಡಿತ್ತು. 2024ರಲ್ಲಿ ಅದು ಸುಮಾರು 48 ಲಕ್ಷಕ್ಕೆ ಏರಿತು. ಜನ ಬೇಕು ಅನ್ನುವುದೂ ನಿಜ, ಹುಡುಗನಿಗೆ ಕೆಲಸ ಸಿಗದಿರುವುದೂ ನಿಜ. ಇದು ಹೇಗೆ ಅಂತ ತಿಳಿಯಬೇಕಾದರೆ ಇಪ್ಪತ್ತೈದು ವರ್ಷ ಹಿಂದಕ್ಕೆ ಹೋಗಬೇಕು.

ಸೈಬರ್ ಅಪರಾಧಗಳಿಗೆ ಶಿಕ್ಷೆ ಹೇಳುವ ಮಾಹಿತಿ ತಂತ್ರಜ್ಞಾನ ಕಾಯ್ದೆ ಜಾರಿಗೆ ಬಂದದ್ದು 2000ರ ಅಕ್ಟೋಬರ್ 17ರಂದು. ಆ ಕಾಯ್ದೆಯ ಕೇಸನ್ನು ಡಿವೈಎಸ್ಪಿಗಿಂತ ಕೆಳಗಿನ ಅಧಿಕಾರಿ ತನಿಖೆ ಮಾಡುವಂತಿರಲಿಲ್ಲ. 2001ರಲ್ಲಿ ಬೆಂಗಳೂರಿನಲ್ಲಿ ಸೈಬರ್ ಕ್ರೈಂ ಠಾಣೆ ಶುರುವಾಯಿತು. ಅದರ ವ್ಯಾಪ್ತಿ ಇಡೀ ರಾಜ್ಯ. ಪಾವಗಡದ ಕೇಸಾದರೂ ಸರಿ, ಮುಳಬಾಗಿಲಿನದಾದರೂ ಸರಿ, ಗೊತ್ತಿದ್ದವರು ಇದ್ದದ್ದು ಬೆಂಗಳೂರಿನಲ್ಲೇ. ಕಂಪನಿಗಳದ್ದೂ ಅದೇ ಕಥೆ. ಕೆಲಸ ಕಲಿಯುವ ಜಾಗಗಳೆಲ್ಲ ಒಂದೇ ಊರಿನಲ್ಲಿ ಸೇರಿಕೊಂಡವು. ಆ ಓರೆ ಇವತ್ತಿಗೂ ಹೋಗಿಲ್ಲ.

2008ರ ತಿದ್ದುಪಡಿ ಮರುವರ್ಷ ಜಾರಿಯಾಗಿ, ಇನ್‌ಸ್ಪೆಕ್ಟರ್‌ಗಳಿಗೂ ತನಿಖೆಯ ಅಧಿಕಾರ ಬಂತು. ಆಮೇಲೆ ಜಿಲ್ಲೆಗಳಿಗೆ ಸಿಇಎನ್ ಠಾಣೆಗಳು ಬಂದವು. ಹೆಸರನ್ನು ಬಿಡಿಸಿ ನೋಡಿ: ಸೈಬರ್, ಎಕನಾಮಿಕ್, ನಾರ್ಕೋಟಿಕ್ಸ್. ಓಟಿಪಿ ಮೋಸ, ಚೀಟಿ ಹಣದ ಮೋಸ, ಗಾಂಜಾ, ಮೂರಕ್ಕೂ ಒಂದೇ ಠಾಣೆಯಾಗಿತ್ತು. 2023ರಲ್ಲಿ ಕರ್ನಾಟಕದಲ್ಲಿ ದಾಖಲಾದ ಸೈಬರ್ ಕೇಸುಗಳು 21,889. ದೇಶದಲ್ಲೇ ಇದು ಜಾಸ್ತಿ. ಅಲ್ಲಿನ ಸಿಬ್ಬಂದಿಯ ಮೇಲೆ ಎಷ್ಟು ಭಾರ ಬಿದ್ದಿರಬೇಡ!

2013ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಸೈಬರ್ ಭದ್ರತಾ ನೀತಿ ತಂದಿತು. ಐದು ವರ್ಷದಲ್ಲಿ 5 ಲಕ್ಷ ನುರಿತ ಜನರನ್ನು ತಯಾರು ಮಾಡುವ ಗುರಿ ಅದರಲ್ಲಿತ್ತು. ಗುರಿ ಒಳ್ಳೆಯದೇ. ಆದರೆ ಕೋರ್ಸು ಮುಗಿಸಿದವರು ಮೊದಲ ದಿನ ಎಲ್ಲಿ ಹೋಗಿ ಕೂರಬೇಕು ಅನ್ನುವುದು ಇತ್ಯರ್ಥವಾಗಲೇ ಇಲ್ಲ ಅನ್ನುವುದು ನನ್ನ ತಕರಾರು.

ಈ ಮಧ್ಯೆ ಕೆಲಸ ಮಾತ್ರ ಬೆಳೆಯುತ್ತಲೇ ಹೋಯಿತು. 2016ರಲ್ಲಿ ಯುಪಿಐ ಬಂತು. ಅದೇ ವರ್ಷ ರಿಸರ್ವ್ ಬ್ಯಾಂಕ್ ವಾಣಿಜ್ಯ ಬ್ಯಾಂಕುಗಳಿಗೆ ಸೈಬರ್ ಭದ್ರತೆಯ ನಿಯಮ ಹಾಕಿತು, 2018ರಲ್ಲಿ ಪಟ್ಟಣ ಸಹಕಾರಿ ಬ್ಯಾಂಕುಗಳಿಗೂ ಹಾಕಿತು. ಸೈಬರ್ ದಾಳಿಯಾದರೆ ಆರು ಗಂಟೆಯೊಳಗೆ ತಿಳಿಸಬೇಕು ಎಂದು 2022ರಲ್ಲಿ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್ ಆದೇಶಿಸಿತು. ಇದನ್ನೆಲ್ಲ ಮಾಡಲು ಜನ ಬೇಕಲ್ವಾ? 2024ರ ಜುಲೈ ಕೊನೆಯಲ್ಲಿ ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳಿಗೆ ತಂತ್ರಜ್ಞಾನ ಒದಗಿಸುವ ಒಂದು ಕಂಪನಿಯ ಮೇಲೆ, ಕಂಪ್ಯೂಟರಿಗೆ ಬೀಗ ಹಾಕಿ ದುಡ್ಡು ಕೇಳುವ ರ‍್ಯಾನ್ಸಮ್‌ವೇರ್ ದಾಳಿಯಾಯಿತು. ಸುಮಾರು 300 ಸಣ್ಣ ಬ್ಯಾಂಕುಗಳ ಹಣ ಪಾವತಿಗೆ ಹೊಡೆತ ಬಿತ್ತು. ಹಾಲಿನ ದುಡ್ಡು, ಬೆಳೆ ಸಾಲ ಓಡಾಡುವುದು ಇಂಥ ಬ್ಯಾಂಕುಗಳಲ್ಲೇ.

ಇನ್ನು ಆ ಕೆಲಸ ಹೇಗಿರುತ್ತದೆ ಅಂತ ನೋಡಿ. ಎಸ್‌ಒಸಿ ಅಂದರೆ ಒಂದು ಸಂಸ್ಥೆಯ ಕಂಪ್ಯೂಟರುಗಳನ್ನು ಹಗಲೂ ರಾತ್ರಿ ಕಾಯುವ ಕೋಣೆ. ಹೊಸಬರು ಸೇರುವುದು ಎಲ್1 ಅನ್ನುವ ಮೊದಲ ಮೆಟ್ಟಿಲಿಗೆ. ಸ್ಕ್ರೀನಿನ ಮೇಲೆ ಲಾಗ್ ಸಾಲುಗಳು, ಅಂದರೆ ಯಾವ ಕಂಪ್ಯೂಟರಿನಲ್ಲಿ ಯಾವಾಗ ಏನಾಯಿತು ಅನ್ನುವ ದಾಖಲೆಗಳು, ಓಡುತ್ತಿರುತ್ತವೆ. ರಾತ್ರಿ 2.10ಕ್ಕೆ ಬ್ಯಾಂಕಿನ ಗುಮಾಸ್ತರೊಬ್ಬರ ಹೆಸರಿನಲ್ಲಿ ಲಾಗಿನ್, ಪಾಸ್‌ವರ್ಡ್ ತಪ್ಪು. ಮತ್ತೆ ತಪ್ಪು. ನಲವತ್ತು ಸಲ ತಪ್ಪು. ನಲವತ್ತೊಂದನೇ ಸಲ ಸರಿ.

ಗುಮಾಸ್ತರೇ ಪಾಸ್‌ವರ್ಡ್ ಮರೆತು ಒದ್ದಾಡಿದರಾ? ಹಳೆ ಪಾಸ್‌ವರ್ಡ್ ಹಿಡಿದು ಬಡಿಯುತ್ತಿದ್ದ ಬ್ಯಾಕಪ್ ಪ್ರೋಗ್ರಾಮನ್ನು ಯಾರೋ ಸರಿಮಾಡಿದರಾ? ಇಲ್ಲ, ಕಳ್ಳ ಒಳಗೆ ಬಂದನಾ? ಸುಮ್ನೆ ಬಿಟ್ಟರೆ ಬ್ಯಾಂಕಿನ ದುಡ್ಡಿಗೇ ಕುತ್ತು. ಪ್ರತಿ ಸಲ ಗಾಬರಿಯಾಗಿ ಅಕೌಂಟ್ ಲಾಕ್ ಮಾಡಿದರೆ ಬೆಳಗ್ಗೆ ಕೌಂಟರ್ ನಿಂತುಹೋಗುತ್ತದೆ. ಕಾಲೇಜಿನ ಲ್ಯಾಬಿನಲ್ಲಿ ಉತ್ತರ ಮೇಷ್ಟ್ರಿಗೆ ಮೊದಲೇ ಗೊತ್ತಿರುತ್ತದೆ. ಇಲ್ಲಿ ಯಾರಿಗೂ ಗೊತ್ತಿಲ್ಲ. ಪಕ್ಕದಲ್ಲಿ ಕೂತ ಹಿರಿಯರು "ಆ ಗುಮಾಸ್ತರು ಯಾವತ್ತಾದರೂ ರಾತ್ರಿ ಲಾಗಿನ್ ಆಗಿದ್ದಾರಾ, ಹಿಂದಿನ ತಿಂಗಳು ನೋಡು" ಅನ್ನುತ್ತಾರೆ. ಹಾಗೆ ನೂರು ರಾತ್ರಿ ಕಳೆದರೆ ಕಣ್ಣು ಪಳಗುತ್ತದೆ. ಕಂಪನಿಗಳು ಕೇಳುವ ಅನುಭವ ಇದೇ. ಕೇಳುವುದು ತಪ್ಪಲ್ಲ, ಆದರೆ ಆ ನೂರು ರಾತ್ರಿಯನ್ನು ಕೊಡಲು ಯಾರೂ ತಯಾರಿಲ್ಲ.

ತುಮಕೂರಿನಲ್ಲಿ ಸಿದ್ಧಗಂಗಾ, ಸಿದ್ಧಾರ್ಥ ಇಂಜಿನಿಯರಿಂಗ್ ಕಾಲೇಜುಗಳಿವೆ. ಕಾಯಬೇಕಾದ ಕಂಪ್ಯೂಟರುಗಳೂ ಇಲ್ಲೇ ಇವೆ: ಸಹಕಾರಿ ಬ್ಯಾಂಕು, ಜಿಲ್ಲಾಸ್ಪತ್ರೆ, ಮಹಾನಗರ ಪಾಲಿಕೆ. 2022ರ ನವೆಂಬರ್‌ನಲ್ಲಿ ದೆಹಲಿಯ ಏಮ್ಸ್ ಆಸ್ಪತ್ರೆಯ ಸರ್ವರ್ ಮೇಲೆ ದಾಳಿಯಾಗಿ, ಎಷ್ಟೋ ದಿನ ಕೈಬರಹದಲ್ಲೇ ಚೀಟಿ ಬರೆದದ್ದು ನೆನಪಿರಬಹುದು. ಅಪ್ರೆಂಟಿಸ್ ಕಾಯ್ದೆ 1961ರಿಂದಲೂ ಇದೆ. ರಾಷ್ಟ್ರೀಯ ಅಪ್ರೆಂಟಿಸ್ ಯೋಜನೆಯಲ್ಲಿ ಪದವೀಧರರ ಕನಿಷ್ಠ ಭತ್ಯೆಯ ಅರ್ಧವನ್ನು ಕೇಂದ್ರವೇ ಭರಿಸುತ್ತದೆ. 2024ರಲ್ಲಿ ರಾಜ್ಯ ಹೊರಡಿಸಿದ ಸೈಬರ್ ಭದ್ರತಾ ನೀತಿಯಲ್ಲೂ ಕೌಶಲ ತರಬೇತಿಯ ಮಾತಿದೆ. ಒಂದೊಂದು ಬ್ಯಾಂಕಿಗೂ ಒಬ್ಬ ಪರಿಣಿತರನ್ನು ಇಟ್ಟುಕೊಳ್ಳುವ ಶಕ್ತಿ ಇರುವುದಿಲ್ಲ, ಒಪ್ಪುತ್ತೇನೆ. ಐದಾರು ಬ್ಯಾಂಕು ಸೇರಿ ಒಬ್ಬ ಹಿರಿಯರನ್ನು ನೇಮಿಸಿ, ಅವರ ಕೈಕೆಳಗೆ ನಾಲ್ಕು ಜನ ಅಪ್ರೆಂಟಿಸ್‌ಗಳನ್ನು ಕೂರಿಸಬಹುದಲ್ಲ? ನಮ್ಮ ಬೀದಿಯ ಹುಡುಗನಿಗೆ ಬೇಕಾಗಿರುವುದು ಅಂಥ ಒಂದು ಕುರ್ಚಿ.