ಭೋಗ್ಯದ ಹಣವೂ ಸಾಲವೇ: ಬೆಂಗಳೂರಿನ ಬಾಡಿಗೆ ಮನೆ ಲೆಕ್ಕ

"ಸಾಲ ಮಾಡಿ ಫ್ಲ್ಯಾಟ್ ತಗೊಳ್ಳಿ, ಬಾಡಿಗೆಯಲ್ಲೇ ಇಎಂಐ ಕಟ್ಟಿ." ಬೆಂಗಳೂರಿನಲ್ಲಿ ಈ ಮಾತು ಕೇಳದವರು ಕಡಿಮೆ, ಅಲ್ವಾ? ಪೆನ್ನು ಹಿಡಿದು ಲೆಕ್ಕ ಹಾಕೋಣ.

ಯಲಹಂಕದ ಕಡೆ 50 ಲಕ್ಷದ ಫ್ಲ್ಯಾಟ್ ಅಂದುಕೊಳ್ಳಿ. ರಿಸರ್ವ್ ಬ್ಯಾಂಕ್ ನಿಯಮದಂತೆ 30ರಿಂದ 75 ಲಕ್ಷದವರೆಗಿನ ಗೃಹಸಾಲ ಮನೆ ಬೆಲೆಯ ಶೇ 80 ದಾಟುವಂತಿಲ್ಲ. ಅಂದರೆ ಸಾಲ 40 ಲಕ್ಷ, ಕೈಯಿಂದ 10 ಲಕ್ಷ. ಮುದ್ರಾಂಕ, ನೋಂದಣಿ ಶುಲ್ಕ ಬೇರೆ. ಬಡ್ಡಿ ಶೇ 8.5, ಅವಧಿ 20 ವರ್ಷ ಆದರೆ ಇಎಂಐ ಸುಮಾರು 34,700 ರೂಪಾಯಿ. ಬಾಡಿಗೆ 18,000 ಬಂದರೂ ಪ್ರತಿ ತಿಂಗಳು 16,700 ಸಂಬಳದಿಂದ ಹೋಗುತ್ತದೆ. ಮೇಂಟೆನೆನ್ಸ್, ಆಸ್ತಿ ತೆರಿಗೆ, ಮನೆ ಖಾಲಿ ಬಿದ್ದ ತಿಂಗಳುಗಳನ್ನು ಇನ್ನೂ ಸೇರಿಸಿಲ್ಲ.

ಆದಾಯ ತೆರಿಗೆಯಲ್ಲಿ ಸ್ವಲ್ಪ ಉಸಿರು ಸಿಗುತ್ತದೆ. ಕಟ್ಟಿದ ಆಸ್ತಿ ತೆರಿಗೆ ಕಳೆದು ಉಳಿದ ಬಾಡಿಗೆಯಲ್ಲಿ ಶೇ 30 ವಿನಾಯಿತಿ ಉಂಟು, ಬಡ್ಡಿಯನ್ನೂ ಕಳೆಯಬಹುದು. ಆದರೆ ನಷ್ಟ ಬಂದರೆ ಅದನ್ನು ಸಂಬಳದ ಜೊತೆ ಹೊಂದಿಸುವುದು ಹಳೆ ತೆರಿಗೆ ಪದ್ಧತಿಯಲ್ಲಿ ಮಾತ್ರ, ಅದೂ ವರ್ಷಕ್ಕೆ 2 ಲಕ್ಷದವರೆಗೆ.

ಇಲ್ಲಿಗೆ ಬಂದಾಗಲೇ ಭೋಗ್ಯದ ಆಸೆ ಹುಟ್ಟುವುದು. ಭೋಗ್ಯ ಅಥವಾ ಲೀಸು ಅಂದರೆ ತಿಂಗಳ ಬಾಡಿಗೆ ಬದಲು ಒಟ್ಟಿಗೆ ಒಂದು ಮೊತ್ತ ತಗೊಂಡು, ಅವಧಿ ಮುಗಿದಾಗ ಅದನ್ನು ವಾಪಸ್ ಕೊಡುವುದು. "15 ಲಕ್ಷಕ್ಕೆ ಮೂರು ವರ್ಷ ಲೀಸಿಗೆ ಕೊಡಿ, ಅಸಲು ಇಳಿಸಿ" ಎನ್ನುತ್ತಾರೆ ಬ್ರೋಕರ್. ಆ 15 ಲಕ್ಷಕ್ಕೆ ಉಳಿಯುವ ಬಡ್ಡಿ ತಿಂಗಳಿಗೆ 10,625 ರೂಪಾಯಿ. ಬಿಟ್ಟುಕೊಟ್ಟ ಬಾಡಿಗೆ 18,000. ಸರಿಸಮ ಆಗಬೇಕಾದರೆ ವರ್ಷದ ಬಾಡಿಗೆಯನ್ನು ಬಡ್ಡಿದರದಿಂದ ಭಾಗಿಸಿ: 2,16,000 ಭಾಗಿಸು 0.085. ಉತ್ತರ 25 ಲಕ್ಷ ದಾಟುತ್ತದೆ. ಅದಕ್ಕಿಂತ ಕಡಿಮೆಗೆ ಕೊಟ್ಟರೆ ಕೈಯಿಂದ ಹೋಗುತ್ತದೆ.

ನನಗೆ ಇದಕ್ಕಿಂತ ಜಾಸ್ತಿ ಭಯ ಮೂರನೇ ವರ್ಷದ್ದು. 15 ಲಕ್ಷ ಪೂರ್ತಿ ವಾಪಸ್ ಕೊಡಬೇಕು. ಹಣ ಆಗಲೇ ಸಾಲಕ್ಕೆ ಕಟ್ಟಿಯಾಗಿದೆ. ಅದೇ ವಾರ ಇನ್ನೊಬ್ಬರು ಭೋಗ್ಯಕ್ಕೆ ಸಿಗದಿದ್ದರೆ? ಭೋಗ್ಯಕ್ಕೆ ಬಂದವರು ಊರಿನ ಸೈಟು ಮಾರಿಯೋ ಒಡವೆ ಅಡ ಇಟ್ಟೋ ಆ ಹಣ ತಂದಿರಬಹುದು. ನಾವು ಇಎಂಐ ತಪ್ಪಿಸಿ ಬ್ಯಾಂಕ್ ಮನೆ ಜಪ್ತಿ ಮಾಡಿದರೆ ಬೀದಿಗೆ ಬರುವವರು ಅವರು. ಸಾಲ ಇರುವ ಮನೆಯನ್ನು ಬ್ಯಾಂಕಿನ ಒಪ್ಪಿಗೆ ಪತ್ರ ಇಲ್ಲದೆ, ಅವರಿಗೆ ಸಾಲದ ವಿಷಯ ಹೇಳದೆ ಭೋಗ್ಯಕ್ಕೆ ಕೊಡಲೇಬೇಡಿ. ಒಂದು ವರ್ಷ ಮೀರಿದ ಕರಾರನ್ನು ನೋಂದಣಿ ಮಾಡಿಸಲೇಬೇಕು. ಬಾಡಿಗೆ ಕರಾರು 11 ತಿಂಗಳಿಗೆ ನಿಲ್ಲುವುದು ಇದೇ ಕಾರಣಕ್ಕೆ.

ಅಡ್ವಾನ್ಸ್ ಕೂಡ ಹೀಗೇ. ಹತ್ತು ತಿಂಗಳದ್ದು ತಗೊಂಡರೆ 1,80,000 ರೂಪಾಯಿ. ಅದನ್ನು ಮನೆ ಖರ್ಚಿಗೆ ಮುಟ್ಟದೆ ಎಫ್‌ಡಿ ಇಡಿ. ಪೇಂಟಿಂಗ್‌ಗೆ ಎಷ್ಟು ಮುರಿದುಕೊಳ್ಳುತ್ತೀರಿ ಎಂದು ಕರಾರಿನಲ್ಲೇ ಬರೆಸಿ. ಬಾಡಿಗೆಯವರು ಬಂದ ದಿನ ಗೋಡೆ, ನಲ್ಲಿ, ಸಿಂಕ್ ಎಲ್ಲದರ ಫೋಟೊ ತೆಗೆದು ಅವರಿಗೂ ಕಳಿಸಿ.