ಕೈ ತಯಾರಾದ ಮೇಲೂ ರೀಚಿ ಹೇಳದೆ ಸುಮ್ಮನಿರುವುದು ಯಾವಾಗ?

ಪ್ರಶ್ನೆ: ಕೈಯಲ್ಲಿರುವ ಕಾಯಿಗಳನ್ನು ಜೋಡಿಸಿ ಗೆಲ್ಲುವ ಜಪಾನಿ ಮಜಾಂಗ್ ಆಡೋಕೆ ಶುರುಮಾಡಿ ಕೆಲವು ತಿಂಗಳಾಯ್ತು. ಇನ್ನೊಂದೇ ಕಾಯಿ ಸಾಕು ಅನ್ನುವ ಹಂತಕ್ಕೆ ಬಂದ ಕೂಡಲೇ ಅದನ್ನು ಎಲ್ಲರಿಗೂ ಸಾರುವ ರೀಚಿ ಹೇಳಿಬಿಡುತ್ತೇನೆ. ಚೆನ್ನಾಗಿ ಆಡುವವರು ಕೆಲವು ಸಲ ಏನೂ ಹೇಳದೆ ಕಾಯುತ್ತಾರೆ. ಯಾಕೆ?

ಉತ್ತರ: ಹೀಗೆ ಕಾಯುವುದಕ್ಕೆ ದಾಮಾತೆನ್ ಅಂತ ಹೆಸರು. ಆಡುವವರ ಬಾಯಲ್ಲಿ ಬರೀ ದಾಮಾ. ಜಪಾನಿಯಲ್ಲಿ ದಾಮಾರು ಅಂದರೆ ಸುಮ್ಮನಿರು ಅಂತ.

ಮೊದಲು ಒಂದು ಮಾತು. ಕಲಿಯುವ ಹಂತದಲ್ಲಿ ನಿಮ್ಮ ಅಭ್ಯಾಸವೇ ಸರಿ. ರೀಚಿ ಹೇಳಿದರೆ ಒಂದು ಹಾನ್ (ಕೈಯ ಬೆಲೆ ಅಳೆಯುವ ಮಾನ) ಸಿಗುತ್ತದೆ, ಗೆದ್ದರೆ ಉರಾ ದೋರಾ, ಅಂದರೆ ಅಡಗಿರುವ ಬೋನಸ್ ಕಾಯಿ ಯಾವುದು ಅಂತ ನೋಡಬಹುದು, ಎದುರಿನವರು ಹೆದರಿ ತಮ್ಮ ಕೈ ಮುರಿದುಕೊಳ್ಳುತ್ತಾರೆ. ಬದಲಿಗೆ 1000 ಅಂಕದ ಕಡ್ಡಿ ಇಡಬೇಕು, ಆಮೇಲೆ ಕೈ ಬದಲಿಸುವಂತಿಲ್ಲ, ಎಷ್ಟೇ ಅಪಾಯದ ಕಾಯಿ ಬಂದರೂ ಎಸೆಯಲೇಬೇಕು. ಇಷ್ಟು ಕೊಟ್ಟು ಕೊಂಡ ಆ ಒಂದು ಹಾನ್‌ನಿಂದ ನಿಜಕ್ಕೂ ಎಷ್ಟು ಬರುತ್ತದೆ? ನಾನು ಪ್ರತಿ ಸಲ ಕೇಳಿಕೊಳ್ಳುವುದು ಇದನ್ನೇ.

ಲೆಕ್ಕ ನೋಡಿ. ಡೀಲರ್ ಅಲ್ಲದವರು ಪಿನ್ಫು (ಒಂದು ಹಾನ್‌ನ, ಸಾಲುಗಳಿಂದಾದ ಸಾದಾ) ಕೈಯಲ್ಲಿ, ಬೇರೆಯವರು ಎಸೆದ ಕಾಯಿಯಿಂದ ಗೆದ್ದರೆ 1 ಹಾನ್‌ಗೆ 1000, 2ಕ್ಕೆ 2000, 3ಕ್ಕೆ 3900, 4ಕ್ಕೆ 7700, 5ಕ್ಕೆ 8000. ಸಣ್ಣ ಕೈಯಲ್ಲಿ ಒಂದು ಹಾನ್ ಅಂದರೆ ಹೆಚ್ಚುಕಡಿಮೆ ದುಪ್ಪಟ್ಟು. ಅಲ್ಲಿ ಸುಮ್ಮನಿರಬೇಡಿ. ಆದರೆ 4 ಹಾನ್ ಆಗಲೇ ಇದ್ದರೆ ರೀಚಿಯಿಂದ ಖಚಿತವಾಗಿ ಬರುವುದು 300 ಮಾತ್ರ. ಇನ್ನೂ ಸ್ಪಷ್ಟವಾದ ಉದಾಹರಣೆ ಬೇಕಾ? ತಾನ್ಯಾವೋ ಕೈ (ಬರೀ 2ರಿಂದ 8ರ ಕಾಯಿಗಳು, ಒಂದು ಹಾನ್), ಜೊತೆಗೆ ತಲಾ ಒಂದು ಹಾನ್ ಕೊಡುವ ಬೋನಸ್ ಕಾಯಿ, ಅಂದರೆ ದೋರಾ, 3. ಬಿದಿರು ಚಿತ್ರದ 3 ಮತ್ತು 5 ಹಿಡಿದು ನಡುವಿನ 4ಕ್ಕೆ ಕಾಯುತ್ತಿದ್ದೀರಿ. ಇಲ್ಲಿ ಪಿನ್ಫು ಲೆಕ್ಕ ಅಲ್ಲ, 4 ಹಾನ್‌ನ ಇದಕ್ಕೆ ಈಗಲೇ 8000 ಸಿಗುತ್ತದೆ. ರೀಚಿ ಹೇಳಿದರೂ ಅದೇ 8000. ಉರಾ ದೋರಾ ಬಿದ್ದರೆ 12000 ಆಗಬಹುದು, ನಿಜ. ಆದರೆ ನಿಮಗೆ ಬೇಕಾದ ಕಾಯಿ ಇರುವುದೇ ಹೆಚ್ಚೆಂದರೆ 4. ರೀಚಿ ಕೇಳಿದವರು ಅದನ್ನು ಕೈಯಲ್ಲೇ ಬಚ್ಚಿಟ್ಟುಕೊಳ್ಳುತ್ತಾರೆ. ಸುಮ್ಮನಿದ್ದರೆ ಯಾರೋ ಯೋಚನೆಯೇ ಇಲ್ಲದೆ ಎಸೆದುಬಿಡಬಹುದು. ಇಂಥ ಕೈಯಲ್ಲಿ ನಾನು ಬಾಯಿಬಿಡುವುದಿಲ್ಲ.

ಇಲ್ಲೊಂದು ಗುಂಡಿ ಇದೆ, ನಾನೇ ಬಿದ್ದಿದ್ದೇನೆ. ರೀಚಿ ಕೂಡ ಒಂದು ಯಾಕು, ಅಂದರೆ ಗೆಲ್ಲಲು ಕೈಗೆ ಬೇಕಾದ ಅರ್ಹತೆ. ಕೈಯಲ್ಲಿ ಬೇರೆ ಯಾಕು ಇಲ್ಲದೆ ಸುಮ್ಮನಿದ್ದರೆ ಎದುರಿನವರು ಬೇಕಾದ ಕಾಯಿಯನ್ನೇ ಎಸೆದರೂ ರೋನ್ (ಆ ಕಾಯಿಯಿಂದ ಗೆದ್ದೆ ಅಂತ) ಹೇಳುವಂತಿಲ್ಲ. ಸಾಮಾನ್ಯವಾಗಿ ನೀವೇ ಗೋಡೆಯಿಂದ ಎಳೆದುಕೊಂಡರೆ ಮಾತ್ರ ಗೆಲುವು. ಆನ್‌ಲೈನ್ ಆಟದಲ್ಲಿ ಮೊದಲ ಸಲ ಹೀಗಾದಾಗ ಬಟನ್ ಯಾಕೆ ಬರಲಿಲ್ಲ ಅಂತ ತುಂಬಾ ಹೊತ್ತು ಪರದೆ ನೋಡುತ್ತಾ ಕೂತಿದ್ದೆ. ಹಾಗಾಗಿ ದಾಮಾ ಯೋಚಿಸುವ ಮೊದಲು ಯಾಕು ಇದೆಯಾ ನೋಡಿ.

ಯಾಕು ಇಲ್ಲದಿದ್ದರೂ ಒಂದೆರಡು ಸುತ್ತು ಕಾಯುವುದು ಸರಿ ಅನ್ನಿಸುವ ಸಂದರ್ಭವೂ ಇದೆ. ಅದೇ ಬಿದಿರಿನ 3-5ಕ್ಕೆ 6 ಬಂದರೆ 3 ಎಸೆದು 5-6 ಇಟ್ಟುಕೊಳ್ಳಬಹುದು. ಆಗ 4 ಬಂದರೂ ಗೆಲುವು, 7 ಬಂದರೂ ಗೆಲುವು. ಒಟ್ಟು 8 ಕಾಯಿ. ಆಟದ ಶುರುವಿನಲ್ಲಿ ಇಷ್ಟು ಕಾಯಬಹುದು. ಹೊಸಬರು ಮಾತ್ರ ಜಾಸ್ತಿಯೇ ಕಾಯುತ್ತಾರೆ.

ಬೇರೆಯವರು ಮೊದಲೇ ರೀಚಿ ಹೇಳಿದ್ದರೆ ದಾಮಾಕ್ಕೆ ಇನ್ನೊಂದು ಲಾಭ: ಅಪಾಯದ ಕಾಯಿ ಕೈಗೆ ಬಂದಾಗ ಹಿಂದೆ ಸರಿಯಬಹುದು.

ಪಂದ್ಯದ ಕೊನೆಯ ಆಟದ ಲೆಕ್ಕವೇ ಬೇರೆ, ನನಗೆ ಅತಿ ಇಷ್ಟವಾದ ಜಾಗ ಇದು. ನಿಮ್ಮ ಬಳಿ 31000, ಎರಡನೆಯವರ ಬಳಿ 29500 ಇದೆ ಅಂದುಕೊಳ್ಳಿ. ಇಬ್ಬರೂ ಡೀಲರ್ ಅಲ್ಲ. ನಿಮ್ಮ ಕೈಯಲ್ಲಿರುವುದು 1000 ಅಂಕದ ಪಿನ್ಫು. ಗೆದ್ದರೆ ಸಾಕು, ಎಷ್ಟಕ್ಕೆ ಅನ್ನೋದು ಮುಖ್ಯ ಅಲ್ಲ. ರೀಚಿ ಕಡ್ಡಿ ಇಟ್ಟರೆ ಅಂತರ 1500ರಿಂದ 500ಕ್ಕೆ ಇಳಿಯುತ್ತದೆ. ಸುಮ್ಮನಿರಿ. ಈಗ ಅದೇ ಕೈಯನ್ನು ಎರಡನೆಯವರಿಗೆ ಕೊಡಿ. ಮೂರನೆಯವರು ಎಸೆದ ಕಾಯಿಗೆ 1000 ಪಡೆದರೆ 30500 ಆಗುತ್ತದೆ, ಸಾಲುವುದಿಲ್ಲ. ರೀಚಿ ಹೇಳಿ ಗೆದ್ದರೆ ಇಟ್ಟ ಕಡ್ಡಿಯೂ ವಾಪಸ್ ಬಂದು 31500. ಅವರು ರೀಚಿ ಹೇಳಲೇಬೇಕು.